ಗೂಟದಿಂದ ಬಿಚ್ಚಿದ ಹಗ್ಗ

ಟೈಲರ್ ಅಂಗಡಿಯ ಬೆಂಚಿನ ಮೇಲೆ ಕೂತ ಮೇಲಷ್ಟೇ ಪರದೆಯಣ್ಣನಿಗೆ ತಾನು ಮನೆಗೆ ಹೋಗಿಲ್ಲ ಎನ್ನುವುದು ಗೊತ್ತಾಯಿತು. ಆಸ್ಪತ್ರೆಯಿಂದ ಹೊರಡುವಾಗ ಮಗಳು ಬಿಡಿಸಿ ಹೇಳಿದ್ದಳು: ಮನೆಗೆ ಹೋಗಿ, ಸ್ನಾನ ಮಾಡಿ, ಎರಡು ತುತ್ತು ತಿಂದು, ಸಂಜೆ ಡಾಕ್ಟರು ಬರುವುದರೊಳಗೆ ವಾಪಸು ಬನ್ನಿ. ಅವನು ತಲೆಯಾಡಿಸಿದ್ದ. ಆದರೆ ತಲೆ ಒಪ್ಪಿಕೊಂಡದ್ದನ್ನು ಕಾಲೂ ಒಪ್ಪಬೇಕಲ್ಲ. ಅದು ಗುರುವಾರದ ಮಧ್ಯಾಹ್ನ, ಗುರುವಾರದ ಮಧ್ಯಾಹ್ನ ಆ ಕಾಲುಗಳಿಗೆ ಗೊತ್ತಿದ್ದ ದಾರಿ ಇದೊಂದೇ.

ನಾಟಕ ಕಂಪನಿಯಲ್ಲಿ ಆಯುಷ್ಯವೆಲ್ಲ ಪರದೆ ಎಳೆದವನನ್ನು ಪರದೆಯಣ್ಣ ಅನ್ನದೆ ಇನ್ನೇನು ಅಂದಾರು? ಕಂಪನಿ ಮುಚ್ಚಿತು, ಕುರ್ಚಿಗಳು ಗುಜರಿಗೆ ಹೋದವು, ಆ ಕಟ್ಟಡದಲ್ಲಿ ಈಗ ಚಪ್ಪಲಿ ಗೋದಾಮಿದೆ. ಉಳಿದದ್ದು ಗುರುವಾರದ ಈ ಹರಟೆಯೊಂದು. ಕಂಪನಿ ಇದ್ದಾಗ ಗುರುವಾರ ರಜೆ, ಆ ರಜೆಯನ್ನು ಇವರು ಈಗಲೂ ಆಚರಿಸುತ್ತಾರೆ. ಕೆಲಸವೇ ಇಲ್ಲದವರಿಗೆ ರಜೆ ಯಾಕೆ ಎಂದು ಕೇಳುವಷ್ಟು ಒರಟರು ಆ ಬೀದಿಯಲ್ಲಿ ಯಾರೂ ಇಲ್ಲ.

ಅಂಗಡಿ ಟೈಲರನದು. ಒಂದು ಕಾಲದಲ್ಲಿ ಕಂಪನಿಗೆ ಜರಿಯಂಚಿನ ನಿಲುವಂಗಿಗಳನ್ನು ಹೊಲಿದ ಕೈ ಅದು. ಈಗ ಶಾಲೆ ಮಕ್ಕಳ ಚಡ್ಡಿಗೆ ಗುಂಡಿ ಹಾಕುತ್ತದೆ. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಣ್ಣದಕ್ಕ. ಕಂಪನಿಯ ಅಷ್ಟೂ ಮುಖಗಳಿಗೆ ಬಣ್ಣ ಬಳಿದವಳು, ಎಲ್ಲರಿಗಿಂತ ಹಿರಿಯಳು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಲೋಕದ ಸುಕ್ಕೆಲ್ಲ ಒಮ್ಮೆಲೇ ಕಂಡು ಬೇಜಾರಾಗಿದ್ದಾಳೆ. ಇಸ್ತ್ರಿ ಮೇಜಿಗೆ ಒರಗಿ ನಿಂತವನು ದೊರೆ. ಕಂಪನಿಯಲ್ಲಿ ರಾಜನ ಪಾತ್ರ ಬಿಟ್ಟು ಇನ್ನೊಂದು ಮಾಡಿದವನಲ್ಲ, ಆಮೇಲೆ ಜೀವನದಲ್ಲೂ ಇಳಿದು ಬರಲಿಲ್ಲ. ಕಾಲು ನೋಯುತ್ತಿದ್ದರೂ ಬೆಂಚಿನ ಮೇಲೆ ನಾಲ್ವರ ಜೊತೆ ಕೂರುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇವನದು ಹುಟ್ಟುಗುಣವೂ ಅಲ್ಲ, ಬರೀ ಪಾತ್ರದ ಗುಣ, ಅದೂ ಹೋಗಿಲ್ಲ.

ಐದನೆಯ ಜಾಗ, ಬಾಗಿಲ ಬಳಿಯ ಮೊಣಕಾಲೆತ್ತರದ ಸ್ಟೂಲು, ಖಾಲಿ ಇತ್ತು. ಅದು ಪರದೆಯಣ್ಣನ ಹೆಂಡತಿಯದು.

"ಹೇಗಿದ್ದಾಳೋ ನಮ್ಮ ಹುಡುಗಿ?" ಎಂದು ಬಣ್ಣದಕ್ಕ ಕೇಳಿದಳು. ಎಪ್ಪತ್ತರ ಹತ್ತಿರದವಳು ಆಕೆಯ ಬಾಯಲ್ಲಿ ಇನ್ನೂ ಹುಡುಗಿ.

"ಹಾಗೇ ಇದ್ದಾಳೆ."

ಅದು ಸುಳ್ಳಲ್ಲ. ಹೋದ ವಾರ ಅಡುಗೆಮನೆಯಲ್ಲಿ ಮಾತಾಡುತ್ತಾ ಮಾತಾಡುತ್ತಾ ಅರ್ಧ ವಾಕ್ಯಕ್ಕೆ ಕುಸಿದವಳು ಅಂದಿನಿಂದ ಹಾಗೇ ಇದ್ದಳು. ಈ ದಿನ ಬೆಳಿಗ್ಗೆ ಡಾಕ್ಟರು, ಚಿಕ್ಕ ವಯಸ್ಸಿನವನು, ಅಪ್ಪ ಮಗಳನ್ನು ಹೊರಗಿನ ಕುರ್ಚಿಯಲ್ಲಿ ಕೂರಿಸಿ, ತಾನೂ ಎದುರಿಗೆ ಕೂತು, ನಿಧಾನವಾಗಿ ಹೇಳಿದ್ದ. ತಲೆಯೊಳಗೆ ಏನೂ ಉಳಿದಿಲ್ಲ. ಉಸಿರಾಡುತ್ತಿರುವುದು ಅವರಲ್ಲ, ಯಂತ್ರ. ಇನ್ನು ಎಷ್ಟು ದಿನ ಇಟ್ಟರೂ ಇಷ್ಟೇ. ಮನೆಯವರು ಮಾತಾಡಿಕೊಳ್ಳಿ, ಸಂಜೆ ರೌಂಡ್ಸಿಗೆ ಬಂದಾಗ ಹೇಳಿ, ನೀವು ಹೇಳದೆ ನಾನು ಮುಟ್ಟುವುದಿಲ್ಲ. ಡಾಕ್ಟರು ಎದ್ದು ಹೋದ ಮೇಲೆ ಮಗಳು ಅಪ್ಪನ ಮುಖ ನೋಡಿದಳು. "ಅಪ್ಪ, ನನ್ನ ಬಾಯಲ್ಲಿ ಆ ಮಾತು ಬರಲ್ಲ. ನೀವೇ ಹೇಳಿಬಿಡಿ," ಎಂದಳು. ಅವನು ಅದಕ್ಕೂ ತಲೆಯಾಡಿಸಿದ್ದ.

ಆಗಿನಿಂದ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ದುಃಖವಾಗಬೇಕಿತ್ತು, ಆಗಲಿಲ್ಲ. ಭಯವೂ ಇರಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಟೈಲರ್ ಕೊಟ್ಟ ಚಹಾ ಬಿಸಿಯೋ ತಣ್ಣಗೋ ಅವನಿಗೆ ತಿಳಿಯಲಿಲ್ಲ. ಲೋಟ ಕೈಯಲ್ಲಿತ್ತು, ಅಷ್ಟೇ.

"ಅಂಗಿ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದೀಯ," ಎಂದ ಟೈಲರ್. ಇನ್ನೇನಾದರೂ ಹೇಳಬೇಕೆಂದುಕೊಂಡು ಬಾಯಿಗೆ ಬಂದದ್ದು ಅದು. ಎದ್ದು ಬಂದು ಮಗುವಿಗೆ ಹಾಕುವಂತೆ ಒಂದೊಂದೇ ಗುಂಡಿ ಬಿಚ್ಚಿ ಸರಿ ಮಾಡಿ ಹಾಕಿದ. ಆಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಷ್ಟದಲ್ಲಿರುವ ಗೆಳೆಯನ ಮುಂದೆ ಎಲ್ಲರೂ ಮಾಡುವ ಕೆಲಸವನ್ನೇ ಮಾಡಿದರು. ಬೇರೆ ಮಾತು ತೆಗೆದರು.

"ನಿನ್ನೆ ಟೀವಿಲಿ ಒಂದು ಹಳೇ ಕಪ್ಪುಬಿಳುಪು ಸಿನಿಮಾ ಬಂತು," ಟೈಲರ್ ಮಿಷನ್ನಿನ ಚಕ್ರ ತಿರುಗಿಸುತ್ತಾ ಶುರು ಮಾಡಿದ. "ನೋಡಿ ಸ್ವಾಮಿ, ಮುಗಿಸೋದು ಅಂದ್ರೆ ಹಾಗೆ ಮುಗಿಸಬೇಕು. ಕೊನೇ ಹೊಡೆದಾಟ, ಪೊಲೀಸ್ ಜೀಪು, ಕಳೆದುಹೋಗಿದ್ದ ತಮ್ಮ ಸಿಕ್ಕಿದ, ಎಲ್ಲರೂ ಸಾಲಾಗಿ ನಿಂತು ನಕ್ಕರು, ಶುಭಂ. ಜನ ಎದ್ದು ಚಪ್ಪಲಿ ಹುಡುಕಬೇಕು, ಅಷ್ಟೇ."

"ಆ ಪೊಲೀಸರು ಮಾತ್ರ ಯಾವ ಸಿನಿಮಾದಲ್ಲೂ ಹೊತ್ತಿಗೆ ಸರಿಯಾಗಿ ಬಂದದ್ದಿಲ್ಲ," ಎಂದಳು ಬಣ್ಣದಕ್ಕ.

"ಎಲ್ಲಿಂದ ಬರ್ತಾರೆ? ನಿನ್ನಂಥ ಟೈಲರು ಯೂನಿಫಾರಂ ಕೊಡೋದೇ ಕೊನೇ ರೀಲಿಗೆ," ಎಂದ ದೊರೆ.

ಟೈಲರ್ ಕತ್ತರಿ ಎತ್ತಿ ತೋರಿಸಿದ. "ಕಪ್ಪುಬಿಳುಪು ಕಾಲದ ಕಷ್ಟ ನಿಂಗೇನು ಗೊತ್ತು? ಮೊದಮೊದಲು ಟೀವಿ ನಾಟಕಕ್ಕೆ ನಾನೇ ಹೊಲಿದಿದ್ದು. ಬಿಳಿ ಅಂಗಿ ಹಾಕಿದರೆ ಕ್ಯಾಮೆರಾ ಮುಂದೆ ಬಲ್ಬ್ ಹತ್ತಿದ ಹಾಗೆ ಕಾಣ್ತಿತ್ತು. ಬಿಳಿ ಕಾಣಬೇಕಾದರೆ ತಿಳಿನೀಲಿ ಹೊಲಿಬೇಕು. ಮದುವೆ ದೃಶ್ಯದಲ್ಲಿ ವರ ತಿಳಿನೀಲಿ, ಸಾವಿನ ದೃಶ್ಯದಲ್ಲಿ ಹೆಣಕ್ಕೆ ಹೊದಿಸೋ ಬಟ್ಟೆನೂ ತಿಳಿನೀಲಿ. ಎರಡೂ ಒಂದೇ ಥಾನಿನ ಬಟ್ಟೆ."

"ನೀನು ಉಳಿದದ್ದರಲ್ಲಿ ನಿನಗೂ ಒಂದು ಅಂಗಿ ಹೊಲಿದುಕೊಂಡೆ, ಅದನ್ನೂ ಹೇಳು," ಎಂದಳು ಬಣ್ಣದಕ್ಕ.

ಹೆಣ ಎನ್ನುವ ಮಾತು ಬಿದ್ದಾಗ ದೊರೆ ಕಣ್ಣಲ್ಲೇ ಟೈಲರನನ್ನು ಗದರಿದ್ದು ಪರದೆಯಣ್ಣನಿಗೆ ಕಂಡಿತು. ಪಾಪ, ಗದರುವ ಅಗತ್ಯವೇನೂ ಇರಲಿಲ್ಲ. ಮಾತು ಅವನ ಕಿವಿಯ ತನಕ ಬಂದು ಅಲ್ಲೇ ನಿಲ್ಲುತ್ತಿತ್ತು.

"ಸಿನಿಮಾ ಬಿಡು, ಅದಾದರೂ ಮುಗಿಯುತ್ತೆ," ದೊರೆ ಮಾತು ತಿರುಗಿಸಿದ. "ಧಾರಾವಾಹಿ ಕತೆ ಕೇಳು. ನಾನು ತಾತನ ಪಾತ್ರ ಮಾಡಿದ್ದೆನಲ್ಲ, ನಾಲ್ಕನೇ ವಾರಕ್ಕೆ ಸಾಯಿಸಿದರು. ಹೋಗಲಿ ಬಿಡು, ಸಾವು ಯಾರಿಗೆ ತಪ್ಪಿದ್ದು. ಆದರೆ ಗೋಡೆ ಮೇಲೆ ನನ್ನ ಫೋಟೋ ನೇತುಹಾಕಿದರು ನೋಡು, ಮೂರು ವರ್ಷ ಇಳಿಸಲಿಲ್ಲ. ಸೊಸೆ ದಿನಾ ಬಂದು ನನ್ನ ಫೋಟೋ ಮುಂದೆ ನಿಂತು ಅಳೋದು, ಮಗ ಬಂದು ಕೈಮುಗಿಯೋದು. ಮೂರು ವರ್ಷ ರೆಪ್ಪೆ ಬಡಿಯದೆ ಅಭಿನಯಿಸಿದ್ದೇನೆ. ಒಂದು ಪೈಸೆ ಕೊಡಲಿಲ್ಲ ಕಳ್ಳ ನನ್ಮಕ್ಕಳು!"

"ನಿನ್ನ ಜೀವಮಾನದ ಶ್ರೇಷ್ಠ ಅಭಿನಯ ಅದೇ," ಎಂದಳು ಬಣ್ಣದಕ್ಕ. "ಒಂದು ಸಾಲೂ ಮರೆಯಲಿಲ್ಲ."

ಟೈಲರ್ ಹೊಟ್ಟೆ ಹಿಡಿದುಕೊಂಡು ನಕ್ಕ. ದೊರೆಯೂ ನಕ್ಕ. ಆದರೆ ಸಾಲು ಮರೆಯುವ ಮಾತು ಬಂತೆಂದರೆ ಆ ಅಂಗಡಿಯಲ್ಲಿ ಮುಂದೆ ಏನು ಬರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಎಲ್ಲಿಂದ ಹೊರಟರೂ ಇವರ ಹರಟೆ ಕೊನೆಗೆ ಆ ಒಂದು ರಾತ್ರಿಯ ಆಟಕ್ಕೇ ಬಂದು ನಿಲ್ಲುತ್ತದೆ. ನೂರು ಸಲ ಹೇಳಿದ ಕತೆ. ಹೇಳುವುದರಲ್ಲೂ ಪಾತ್ರ ಹಂಚಿಕೆಯಾಗಿಬಿಟ್ಟಿದೆ. ಒಬ್ಬರ ಭಾಗ ಇನ್ನೊಬ್ಬರು ಮುಟ್ಟುವ ಹಾಗಿಲ್ಲ.

ಟೈಲರ್ ಶುರು ಮಾಡಿದ, ಯಾಕೆಂದರೆ ಶುರು ಅವನದು. "ಮುದಿರಾಜನ ನಾಟಕ. ಕೊನೇ ದೃಶ್ಯ. ದೊರೆ ಮಂಚದ ಮೇಲೆ, ಮೈಮೇಲೆ ನಾನು ಹೊಲಿದ ಕೆಂಪು ಶಾಲು. ಸುತ್ತ ಮಂತ್ರಿ, ಮಕ್ಕಳು, ಹಿಂದೆ ಬೀಸಣಿಗೆ ಹಿಡಿದ ದಾಸಿ."

"ನಾನು ಎಲ್ಲರಿಂದ ಬೀಳ್ಕೊಳ್ಳೋ ಒಂದು ಸಾಲು ಹೇಳಬೇಕು, ಸಾಯಬೇಕು, ಪರದೆ ಬೀಳಬೇಕು," ಎಂದ ದೊರೆ. "ಇಡೀ ನಾಟಕ ನಿಂತಿರೋದೇ ಆ ಸಾಲಿನ ಮೇಲೆ. ಬಾಯಿ ತೆರೆದೆ. ಇಲ್ಲ! ಅಲ್ಲಿ ಏನೂ ಇಲ್ಲ. ಗುಡಿಸಿಟ್ಟ ಮನೆ."

"ಸಾಲು ಹೇಳಿಕೊಡೋ ಪ್ರಾಂಪ್ಟರು?" ಎಂದು ಟೈಲರ್ ಕೇಳಬೇಕು. ಕೇಳಿದ.

"ಪ್ರಾಂಪ್ಟರು ಹಿಂದುಗಡೆ ಬೀಡಿ ಸೇದ್ತಾ ಇದ್ದ," ಬಣ್ಣದಕ್ಕ ಹೇಳಿದಳು. "ಈ ಪುಣ್ಯಾತ್ಮ ಸಾಯೋ ಸಾಲು ಮರೀತಾನೆ ಅಂತ ಯಾರು ಕನಸು ಕಂಡಿದ್ದರು?"

ಮುಂದಿನದು ಪರದೆಯಣ್ಣನ ಭಾಗ. ಅವನು ಹೇಳಿದ. ಬಾಯಿಪಾಠವಾಗಿದ್ದರಿಂದ ಹೇಳಲಿಕ್ಕೆ ಅವನ ಮನಸ್ಸು ಅಲ್ಲಿ ಇರಬೇಕೆಂದೇನೂ ಇರಲಿಲ್ಲ.

"ಕೊನೇ ಮಾತಿಗೆ ಮುಂಚೆ ಹಗ್ಗ ಗೂಟದಿಂದ ಬಿಚ್ಚಿಟ್ಟುಕೊಳ್ಳಬೇಕು. ಮಾತು ಮುಗಿದ ಮೇಲೆ ಬಿಚ್ಚೋಕೆ ಹೋದರೆ ತಡವಾಗುತ್ತೆ, ಸತ್ತ ರಾಜ ಕೆಮ್ಮಿಬಿಡ್ತಾನೆ. ಅದಕ್ಕೆ ಮುಂಚೆನೇ ಬಿಚ್ಚಿ ಕೈಲಿ ಹಿಡಿದಿರಬೇಕು. ಎರಡಾಳು ತೂಕದ ಪರದೆ. ಎದುರುಭಾರಕ್ಕೆ ಕಟ್ಟಿದ್ದ ಮರಳುಚೀಲ ಅವತ್ತು ಹರಿದುಹೋಗಿತ್ತು. ಎಲ್ಲಾ ಭಾರ ಕೈ ಮೇಲೆ. ಒಂದು ಉಸಿರು ಹಿಡಿಯೋಷ್ಟು ಹೊತ್ತು ತಾನೆ ಅಂತ ಬಿಚ್ಚಿದೆ."

"ವಾಪಸು ಸುತ್ತಬಾರದಿತ್ತಾ ಗೂಟಕ್ಕೆ?" ಟೈಲರ್ ಕೇಳಬೇಕಾದ್ದನ್ನು ಕೇಳಿದ.

"ಬಿಚ್ಚಿದ ಹಗ್ಗ ವಾಪಸು ಸುತ್ತಬಾರದು. ಅದು ನಮ್ಮ ಕೆಲಸದ ನೇಮ. ಮಾತು ಬರದೆ ಬಿಡಲೂಬಾರದು."

ಇಂಥ ತಪ್ಪು ಇವನೊಬ್ಬನೇ ಮಾಡಬಲ್ಲ ತಪ್ಪು. ಬುದ್ಧಿ ಇರುವ ಯಾವನಾದರೂ ಒಂದೋ ಹಗ್ಗ ಸುತ್ತುತ್ತಿದ್ದ, ಇಲ್ಲವೋ ಪರದೆ ಬಿಟ್ಟು ಮಾನ ಉಳಿಸುತ್ತಿದ್ದ. ಇವನು ನಿಂತ. ಮಂಚದ ಮೇಲೆ ದೊರೆ ಗರ ಬಡಿದವನ ಹಾಗೆ ಬಾಯಿ ತೆರೆದುಕೊಂಡಿದ್ದ. ಮಂತ್ರಿ, ಮಕ್ಕಳು ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಇನ್ನೊಬ್ಬರ ಸಾಲು ಹೇಳಿದರೆ ಮಾಲೀಕರು ಸಂಬಳ ಹಿಡಿಯುತ್ತಿದ್ದರು. ಜನ ಮೊದಲು ಕೆಮ್ಮಿದರು, ಆಮೇಲೆ ಕೆಮ್ಮುವುದನ್ನೂ ಬಿಟ್ಟರು. ಮುಂದಿನ ಸಾಲಿನಲ್ಲಿ ಯಾರೋ ಹೆಂಗಸು ಬಿಕ್ಕಿದಳು, ಅವಳ ಹಿಂದಿನವಳು ಅತ್ತಳು. ರಾಜನಿಗೆ ಮಾತು ಹೋಯಿತು, ಮಾತಿಲ್ಲದೆ ಸಾಯುತ್ತಿದ್ದಾನೆ ಎಂದುಕೊಂಡು ಥಿಯೇಟರಿಗೆ ಥಿಯೇಟರೇ ಅತ್ತಿತು.

"ಆಗ," ಎಂದ ಟೈಲರ್.

ಆಗ ಎಂದ ಮೇಲೆ ಮಾತು ಬಾಗಿಲ ಬಳಿಯ ಸ್ಟೂಲಿಗೆ ಹೋಗಬೇಕು. ಅಲ್ಲಿ ಕೂತವಳು ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಬೀಸಣಿಗೆಯನ್ನು ಹಿಡಿದುಕೊಂಡು, ಆ ಸಾಲು ಹೇಳಬೇಕು. ಎಲ್ಲಾ ನಾಟಕಗಳಲ್ಲೂ ಬೀಸಣಿಗೆಯನ್ನೋ ಬಿಂದಿಗೆಯನ್ನೋ ದೀಪವನ್ನೋ ಹಿಡಿದು ಸುಮ್ಮನೆ ನಿಂತ ದಾಸಿ ಅವಳು. ಸ್ಟೇಜಿನ ಮೇಲೆ ಉಳಿಸಿದ್ದನ್ನೆಲ್ಲ ಮನೆಯಲ್ಲಿ ಆಡಿ ತೀರಿಸಿಕೊಂಡಳು ಎನ್ನುವುದು ಪರದೆಯಣ್ಣನ ಹಳೆಯ ತಮಾಷೆ. ಅಂದು ಆ ದಾಸಿ ಒಂದು ಹೆಜ್ಜೆ ಮುಂದೆ ಬಂದು ರಾಜನ ಕಣ್ಣು ಮುಚ್ಚಿಸಿ ಹೇಳಿದ್ದಳು: ದೊರೆಗಳಿಗೆ ನಿದ್ದೆ ಬಂತು, ದೀಪ ಸಣ್ಣದು ಮಾಡಿ. ಪರದೆ ಬಿತ್ತು. ಚಪ್ಪಾಳೆ ನಿಲ್ಲಲಿಲ್ಲ. ಮಾಲೀಕರು ಬೈಯಲೆಂದು ಬಂದವರು ಚಪ್ಪಾಳೆ ಕೇಳಿ ಮನಸ್ಸು ಬದಲಿಸಿ, ಮರುದಿನದಿಂದ ಆ ಸಾಲನ್ನು ಅವಳಿಗೇ ಕೊಟ್ಟುಬಿಟ್ಟರು. ಅವಳ ಜೀವಮಾನದ ಒಂದೇ ಸಾಲು. ರಾಜನಿಗೆ ಆಮೇಲೆ ಬಾಯಿ ಮುಚ್ಚಿಕೊಂಡು ಸಾಯುವುದಷ್ಟೇ ಉಳಿಯಿತು.

ಸ್ಟೂಲು ಸುಮ್ಮನಿತ್ತು. ಟೈಲರನ ಕಾಲು ಮಿಷನ್ನಿನ ಪೆಡಲಿನ ಮೇಲೆ ನಿಂತಿತ್ತು. ಯಾರೂ ಆ ಸಾಲನ್ನು ಹೇಳಲಿಲ್ಲ. ಒಬ್ಬರ ಭಾಗ ಇನ್ನೊಬ್ಬರು ಮುಟ್ಟುವ ಹಾಗಿಲ್ಲ.

ಬಣ್ಣದಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಅವಳು ಇಲ್ಲಿ ಇದ್ದಿದ್ದರೆ ನನಗೆ ಇದನ್ನ ಹೇಳೋಕೆ ಬಿಡ್ತಿರಲಿಲ್ಲ," ಎಂದಳು. "ಅವತ್ತು ಆಟ ಮುಗಿದ ಮೇಲೆ ಬಣ್ಣ ಒರೆಸ್ತಾ ಕೇಳಿದೆ, ಏನೇ ಹುಡುಗಿ, ಎಲ್ಲಿಂದ ಬಂತು ಧೈರ್ಯ, ನಾಟಕ ಉಳಿಸಿಬಿಟ್ಟೆಯಲ್ಲ ಅಂತ. ನಾಟಕ ಹಾಳಾಗಿ ಹೋಗಲಿ ಅಂದಳು. ಅವಳು ನಿಂತಿದ್ದ ಕಡೆಯಿಂದ ಈ ಪರದೆಯಣ್ಣ ನಿಂತಿದ್ದು ನೇರ ಕಾಣ್ತಿತ್ತಂತೆ. ಹಗ್ಗದ ಮೇಲೆ ರಕ್ತ ಇಳೀತಾ ಇತ್ತಂತೆ. 'ಅಕ್ಕ, ಆ ಮನುಷ್ಯ ಯಾರಾದರೂ ಹೇಳೋ ತನಕ ಬಿಡೋ ಜಾತಿ ಅಲ್ಲ. ಅಂಗೈ ಕಿತ್ತು ಬರ್ತಿತ್ತು. ಅದಕ್ಕೇ ಹೇಳಿದೆ' ಅಂದಳು."

ಪರದೆಯಣ್ಣ ತನ್ನ ಅಂಗೈ ನೋಡಿಕೊಂಡ. ಎರಡೂ ಕೈಯಲ್ಲಿ ಅಡ್ಡಡ್ಡ ಹಳೆಯ ಗೆರೆ, ಮಿರುಗುವ ಚರ್ಮ. ಮದುವೆಗೆ ಮುಂಚೆ ಅವಳೇ ಅದಕ್ಕೆ ಮುಲಾಮು ಹಚ್ಚಿದ್ದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ದಿನಕ್ಕೆ ಸಾವಿರ ಮಾತಾಡಿದವಳು ಇದೊಂದನ್ನು ಅವನಿಗೆ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ನಾಟಕಕ್ಕಾಗಿ ಹೇಳಿದಳು ಎಂದೇ ತಿಳಿದಿದ್ದ. ಈಗ ತಿಳಿದ ಮೇಲಾದರೂ ಏನಾದರೂ ಅನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ.

"ಯಂತ್ರ ನಿಲ್ಲಿಸೋದಾ ಅಂತ ಡಾಕ್ಟರು ಕೇಳಿದಾರೆ," ಎಂದ ಅವನು. "ಸಂಜೆ ಹೇಳಬೇಕು."

ಅವನು ಡಾಕ್ಟರು ಹೇಳಿದ್ದನ್ನು, ಮಗಳು ಹೇಳಿದ್ದನ್ನು, ಅಂಗಡಿಯಿಂದ ತರಬೇಕಾದ ಸಾಮಾನು ಹೇಳುವವನ ಹಾಗೆ ಒಂದಾದ ಮೇಲೊಂದು ಹೇಳಿದ.

"ನೀನೇನು ಹೇಳ್ತೀಯ?" ಟೈಲರ್ ಮೆಲ್ಲಗೆ ಕೇಳಿದ.

"ಏನು ಹೇಳಬೇಕು ಅನ್ನೋದು ಗೊತ್ತು. ಅವಳು ಅಲ್ಲಿಲ್ಲ, ಅದೂ ಗೊತ್ತು. ಬಾಯಿ ಬರ್ತಿಲ್ಲ. ಜೀವನ ಎಲ್ಲಾ ಬೇರೆಯವರ ಬಾಯಿ ನೋಡಿಕೊಂಡು ಹಗ್ಗ ಬಿಟ್ಟವನು ನಾನು. ನಾನಾಗಿ ಯಾವತ್ತೂ ಬಿಟ್ಟಿಲ್ಲ. ಮಗಳು ನನ್ನ ಬಾಯಿ ನೋಡ್ತಾಳೆ, ನಾನು ಮಗಳ ಬಾಯಿ ನೋಡ್ತೀನಿ. ಹೀಗೇ ನಿಂತುಬಿಡ್ತೀನಿ ಅನಿಸುತ್ತೆ, ಅವತ್ತಿನ ಹಾಗೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಂಥ ಮಾತು ಆಡು ಎಂದು ಯಾರು ಯಾರಿಗೆ ಹೇಳಬಲ್ಲರು? ಟೈಲರ್ ಗುಂಡಿ ಡಬ್ಬಿಯಲ್ಲಿ ಏನನ್ನೋ ಹುಡುಕತೊಡಗಿದ. ದೊರೆ ಮಾತ್ರ ಮೇಜು ಬಿಟ್ಟು ನೆಟ್ಟಗೆ ನಿಂತ. ಎದೆ ಮುಂದೆ ಬಂತು.

"ನಾನು ಹೇಳ್ತೀನಿ," ಎಂದ.

"ಏನಂತ?"

"ನನ್ನ ಸಾಲು ಒಂದು ಉಳಿದುಕೊಂಡಿದೆಯಲ್ಲ. ಅವತ್ತು ನಾನು ಹೇಳದೆ ಬಿಟ್ಟದ್ದು, ಅದರ ಬದಲು ಅವಳು ತನ್ನದೊಂದು ಹೇಳಿ ನನ್ನ ಮಾನ ಉಳಿಸಿದಳು. ಸಾಲ ತೀರಿಸಿದ ಹಾಗಾಯ್ತು. ನಿನ್ನ ಪಕ್ಕ ನಿಂತು ಡಾಕ್ಟರ ಮುಂದೆ ಆ ಸಾಲು ಹೇಳ್ತೀನಿ. ನೀನು ನಿನ್ನ ಕೆಲಸ ಮಾಡು. ತಲೆಯಾಡಿಸಿದರೆ ಸಾಕು."

"ನೆನಪಿದೆಯಾ ನಿಂಗೆ?" ಬಣ್ಣದಕ್ಕ ಅನುಮಾನದಿಂದ ನೋಡಿದಳು.

"ಅಕ್ಕ, ಆ ಸಾಲು ಮರೆತಿದ್ದು ಒಂದು ಗಳಿಗೆ. ಆಮೇಲೆ ಮರೆಯೋಕೆ ಆಗದೆ ಸಾಯ್ತಾ ಇದ್ದೀನಿ. ದಿನಾ ಸ್ನಾನದ ಮನೇಲಿ ಹೇಳ್ತೀನಿ."

ಹುಚ್ಚು ಮಾತು ಎಂದು ಯಾರಾದರೂ ಅನ್ನಬಹುದಿತ್ತು. ಪರದೆಯಣ್ಣ ದೊರೆಯ ಮುಖ ನೋಡಿದ. ಬೆಳಿಗ್ಗೆಯಿಂದ ಮೊದಲ ಸಲ ಅವನಿಗೆ ಒಂದು ಕೆಲಸ ಅರ್ಥವಾಯಿತು. ಮಾತು ಬರುತ್ತದೆ, ಬಂದ ಮೇಲೆ ಬಿಡಬೇಕು. ಅಷ್ಟು ಅವನಿಗೆ ಬರುತ್ತಿತ್ತು. "ಸರಿ," ಎಂದ.

ಟೈಲರ್ ಶಟರ್ ಎಳೆದ. ನಾಲ್ವರೂ ಒಂದೇ ಆಟೋದಲ್ಲಿ ಹೋದರು. ದೊರೆ ಡ್ರೈವರನ ಪಕ್ಕ ಅರ್ಧ ಸೀಟಿನಲ್ಲಿ, ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಾ.

ಆಸ್ಪತ್ರೆಯ ಬಾಗಿಲಲ್ಲಿ ಇಬ್ಬರಿಗಿಂತ ಹೆಚ್ಚು ಬಿಡುವುದಿಲ್ಲ ಎಂದು ನರ್ಸ್ ತಡೆದಳು. ಬಣ್ಣದಕ್ಕ ಅವಳ ಗಲ್ಲ ಹಿಡಿದು, "ನಾವು ಗಲಾಟೆ ಮಾಡೋ ವಯಸ್ಸಿನವರಾ ಮಗಳೇ?" ಎಂದಳು. ನರ್ಸ್ ಪಕ್ಕಕ್ಕೆ ಸರಿದಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರು. ಕಿಟಕಿ ಇಲ್ಲದ ಉದ್ದ ಕೋಣೆ, ಹಸಿರು ಪರದೆಗಳ ನಡುವೆ ಮಂಚಗಳು. ಆ ಪರದೆಗಳನ್ನು ಕಂಬಿಯ ಮೇಲೆ ಉಂಗುರ ಹಾಕಿ ತೂಗುಬಿಟ್ಟಿದ್ದನ್ನು, ಎರಡು ಉಂಗುರ ಕಳಚಿಕೊಂಡಿದ್ದನ್ನು ಪರದೆಯಣ್ಣ ದಿನವೂ ನೋಡುತ್ತಿದ್ದ. ಈಗಲೂ ನೋಡಿದ.

ಮಗಳು ಅಮ್ಮನ ಕಾಲ ಬಳಿ ನಿಂತಿದ್ದಳು. ಅಪ್ಪನ ಹಿಂದೆ ಬಂದ ಮೂವರನ್ನೂ ಕಂಡು ಮೊದಲು ಗಾಬರಿಯಾದಳು, ಆಮೇಲೆ ಅವಳ ಮುಖ ಸಡಿಲವಾಯಿತು. ಅವರ ಮಡಿಲಲ್ಲೇ ಬೆಳೆದ ಮಗು ಅದು. ಬಣ್ಣದಕ್ಕ ನೇರ ಮಂಚದ ಹತ್ತಿರ ಹೋಗಿ ಮಲಗಿದವಳ ಮುಖವನ್ನು ಹತ್ತಿರದಿಂದ ನೋಡಿದಳು. "ತುಟಿ ಒಣಗಿದೆ. ಯಾರೂ ನೋಡಲ್ವಾ?" ಎಂದು ಚೀಲದಿಂದ ವ್ಯಾಸಲೀನಿನ ಡಬ್ಬಿ ತೆಗೆದು ಕೊಳವೆಯ ಪಕ್ಕದಲ್ಲಿ ತುಟಿಗೆ ಬೆರಳಿನಿಂದ ಮೆತ್ತಗೆ ಹಚ್ಚಿದಳು. ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿದಳು.

ಡಾಕ್ಟರು ಬಂದ. ಮಂಚದ ಸುತ್ತ ಇಷ್ಟು ಜನರನ್ನು ಕಂಡು ನರ್ಸಿನ ಕಡೆ ನೋಡಿದ. ಅವಳು ನೆಲ ನೋಡಿದಳು. ಅವನು ಕನ್ನಡಕ ತೆಗೆದ. "ಮಾತಾಡಿಕೊಂಡಿರಾ?" ಎಂದು ಕೇಳಿದ.

ಮಗಳು ಅಪ್ಪನ ಬಾಯಿ ನೋಡಿದಳು. ಅಪ್ಪ ದೊರೆಯ ಬಾಯಿ ನೋಡಿದ.

ದೊರೆ ಒಂದು ಹೆಜ್ಜೆ ಮುಂದೆ ಬಂದ. ಕೈ ಎತ್ತಿದ. ಬಾಯಿ ತೆರೆದ. ಮಲಗಿದವಳ ಮುಖದ ಮೇಲೆ ಅವನ ಕಣ್ಣು ಬಿತ್ತು, ಮತ್ತು ಅಲ್ಲೇ ನಿಂತಿತು. ಯಂತ್ರ ಒಮ್ಮೆ ಉಸಿರೆಳೆದು ಬಿಟ್ಟಿತು. ಇನ್ನೊಮ್ಮೆ ಎಳೆದು ಬಿಟ್ಟಿತು. ದೊರೆಯ ಬಾಯಿ ತೆರೆದೇ ಇತ್ತು.

ಟೈಲರ್ ಕಣ್ಣು ಮುಚ್ಚಿಕೊಂಡ. ಬಣ್ಣದಕ್ಕ ಡಬ್ಬಿ ಹಿಡಿದುಕೊಂಡು ಹಾಗೇ ಬಾಗಿದ್ದಳು. ಡಾಕ್ಟರು ಪಾಪ, ಒಬ್ಬರಾದ ಮೇಲೆ ಒಬ್ಬರನ್ನು ನೋಡುತ್ತಾ ಕಾದ. ಪರದೆಯಣ್ಣ ಮಂಚದ ಕಂಬಿ ಹಿಡಿದಿದ್ದ. ಯಾವಾಗ ಹಿಡಿದನೋ ಅವನಿಗೇ ಗೊತ್ತಿರಲಿಲ್ಲ. ಎರಡೂ ಕೈಯಲ್ಲಿ, ಗೆಣ್ಣು ಬಿಳಿಚುವಷ್ಟು ಬಿಗಿಯಾಗಿ. ಮಾತು ಬರಲಿ ಎಂದು ನಿಂತಿದ್ದ. ಎಷ್ಟು ಹೊತ್ತಾದರೂ ನಿಲ್ಲಬಲ್ಲವನು ಅವನು.

ಆಗ ಅವನಿಗೆ ದೊರೆಯ ಕೈ ಕಂಡಿತು. ಎತ್ತಿದ ಕೈ ಗಾಳಿಯಲ್ಲಿ ನಡುಗುತ್ತಿತ್ತು. ಇಳಿಸಲಿಕ್ಕೂ ಆಗದೆ, ಮಾತೂ ಬರದೆ, ಆ ದೊಡ್ಡ ಆಳು ಎಲ್ಲರೆದುರು ನಿಂತುಕೊಂಡು ನಡುಗುತ್ತಿದ್ದ. ಗದ್ದದಿಂದ ಕಣ್ಣೀರು ಇಳಿಯುತ್ತಿತ್ತು. ಇಷ್ಟು ವರ್ಷದ ರಾಜಗಾಂಭೀರ್ಯವೆಲ್ಲ ಕರಗಿ, ಪಾಠ ಮರೆತು ಮೇಷ್ಟರ ಮುಂದೆ ನಿಂತ ಹುಡುಗನಾಗಿದ್ದ. ಪರದೆಯಣ್ಣನಿಗೆ ಅದನ್ನು ನೋಡಲಾಗಲಿಲ್ಲ. ಬೆಳಿಗ್ಗೆಯಿಂದ ಅವನಿಗೆ ತಡೆಯಲಾಗದೆ ಹೋದದ್ದು ಇದೊಂದೇ. ಸಾಕು, ಯಾರಾದರೂ ಇವನನ್ನು ಬಿಡಿಸಿ ಎಂದು ಅವನ ಒಳಗೆ ಯಾರೋ ಕೂಗಿದರು. ಯಾರೂ ಬರಲಿಲ್ಲ.

ಜೀವನದಲ್ಲಿ ಒಂದು ಸಾಲೂ ಇಲ್ಲದ ಪರದೆಯಣ್ಣ ಬಾಯಿ ತೆರೆದ.

"ಇವಳಿಗೆ ನಿದ್ದೆ ಬಂತು," ಎಂದ. "ದೀಪ ಸಣ್ಣದು ಮಾಡಿ."

ಅಭ್ಯಾಸವಿಲ್ಲದ ದನಿ. ಹಿಂದಿನ ಸಾಲು ಹಾಗಿರಲಿ, ಮುಂದಿನ ಸಾಲಿಗೂ ಕೇಳಿಸುತ್ತಿರಲಿಲ್ಲ. ಡಾಕ್ಟರು ಬಾಗಿ, "ಏನಂದ್ರಿ?" ಎಂದು ಕೇಳಿದ.

ಮಗಳು ಆ ಕತೆಯನ್ನು ತೊಟ್ಟಿಲಿನಿಂದ ಕೇಳಿ ಬೆಳೆದವಳು. "ಸರಿ ಅಂದರು ಡಾಕ್ಟರೇ," ಎಂದಳು. "ಅಪ್ಪ ಸರಿ ಅಂದರು."

ಅವಳು ಬಂದು ಕಂಬಿಯ ಮೇಲಿನ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ನರ್ಸ್ ಹಸಿರು ಪರದೆ ಎಳೆಯಲು ಹೋದಳು. ಉಂಗುರ ಕಳಚಿದ ಕಡೆ ಅದು ಸಿಕ್ಕಿಕೊಂಡಿತು. ಪರದೆಯಣ್ಣ ಹೋಗಿ ಬಟ್ಟೆಯನ್ನು ಸ್ವಲ್ಪ ಮೇಲೆತ್ತಿ ಎಳೆದ. ಅದು ಸರಾಗವಾಗಿ ಬಂತು. ಮಿಕ್ಕದ್ದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವನು ಕೊನೆಯ ತನಕ ಅವಳ ಪಾದ ಹಿಡಿದುಕೊಂಡಿದ್ದ, ಮಗಳು ಕೈ ಹಿಡಿದುಕೊಂಡಿದ್ದಳು.

ಆಮೇಲೆ ಹೊರಗಿನ ಕುರ್ಚಿಗಳ ಮೇಲೆ ಎಲ್ಲರೂ ಸಾಲಾಗಿ ಕೂತರು. ದೊರೆಯೂ ಕೂತ, ನಾಲ್ವರ ಪಕ್ಕದಲ್ಲಿ, ಮೊದಲ ಸಲ. ನೆಲ ನೋಡುತ್ತಾ, "ನೆನಪಿತ್ತು ಕಣೋ. ಅವಳಾಣೆ. ಬಾಯಿಗೆ ಬರಲಿಲ್ಲ," ಎಂದ.

"ಅವತ್ತೂ ಇದನ್ನೇ ಹೇಳಿದ್ದೆ," ಎಂದ ಪರದೆಯಣ್ಣ.

ಹೇಳಿ ನಕ್ಕ. ನಗುತ್ತಿದ್ದ ಹಾಗೆ ಅಂಗೈ ಎರಡೂ ಉರಿಯತೊಡಗಿದವು. ಹಳೆಯ ಗೆರೆಗಳ ಮೇಲೆ ಯಾರೋ ಈಗಷ್ಟೇ ಹಗ್ಗ ಎಳೆದ ಹಾಗೆ ಚುರುಚುರು ಉರಿ. ಅವನು ಕೈ ತಿರುಗಿಸಿ ಮಗಳಿಗೆ ತೋರಿಸಿದ. "ಉರೀತಿದೆ ಮಗಳೇ. ನಿಮ್ಮಮ್ಮನ ಮುಲಾಮು ಎಲ್ಲಿಡ್ತಾಳೆ?" ಎಂದು ಕೇಳಿದ, ಕೇಳಿದ ಮೇಲೆ ಅಳಲು ಶುರುಮಾಡಿದ.